ಕೀಪ್ಯಾಡ್ ಕೊಳ್ಳುವ ಮೊದಲು ಹೆಬ್ಬೆರಳನ್ನು ವಿಚಾರಿಸಿ

"ಇದನ್ನ ತಗೊಂಡ್ರೆ ಕೈನೋವು ಹೋಗುತ್ತಾ ಮೇಡಂ?"

ಹುಡುಗ ಕುರ್ಚಿಯಲ್ಲಿ ಕೂರುವ ಮೊದಲೇ ಮೊಬೈಲ್ ಮುಂದೆ ಹಿಡಿದ. ಪರದೆಯ ಮೇಲೆ ಅಂಗೈ ಊರಿ ಬಳಸುವಂಥ ಕಪ್ಪು ಸಾಧನ. ಕೀಗಳ ಸಾಲು, ಪಕ್ಕದಲ್ಲಿ ಹೆಬ್ಬೆರಳಿಗೊಂದು ಪುಟ್ಟ ಪ್ಯಾಡ್, ಹಿಂದೆ ಕೈ ಇಡಲು ಮೆತ್ತೆ. ರೇಜರ್ ಕಂಪನಿಯ ಟಾರ್ಟರಸ್, ಗೇಮ್ ಆಡುವಾಗ ಕೀಬೋರ್ಡಿನ ಬದಲು ಎಡಗೈಗೆ ಇಟ್ಟುಕೊಳ್ಳುವ ಕೀಪ್ಯಾಡ್. ಅವನ ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ದುಡ್ಡು ಕೊಡಬೇಕಾದವರು ಅವರಲ್ವಾ?

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಮಣಿಕಟ್ಟು, ಬೆರಳು, ಮೊಣಕೈಗಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಈ ಪ್ರಶ್ನೆ ಬಂದಾಗ ಎಷ್ಟು ಕೀ ಇವೆ, ಎಷ್ಟು ಬಣ್ಣದ ದೀಪ ಇವೆ ಅಂತ ನಾನು ಕೇಳುವುದಿಲ್ಲ. ಯಾವ ಬೆರಳು ನೋಯುತ್ತಿದೆ ಅಂತ ಕೇಳುತ್ತೇನೆ. ಉತ್ತರ ಇರುವುದು ಅಲ್ಲೇ.

ಗೇಮ್ ಆಡುವವರ ಎಡಗೈ ಗಮನಿಸಿ. ಉಂಗುರ ಬೆರಳು ಎ ಕೀ ಮೇಲೆ, ನಡುಬೆರಳು ಡಬ್ಲ್ಯೂ ಮತ್ತು ಎಸ್ ಮೇಲೆ, ತೋರುಬೆರಳು ಡಿ ಮೇಲೆ. ಹೆಬ್ಬೆರಳಿಗೆ ಸ್ಪೇಸ್ ಬಾರ್ ಒಂದೇ ಕೆಲಸ. ಪಾಪ, ಕಿರುಬೆರಳಿನದೇ ಕಷ್ಟ. ಆಟದ ಪಾತ್ರ ಓಡಲು ಶಿಫ್ಟ್, ಬಗ್ಗಲು ಕಂಟ್ರೋಲ್, ಎರಡನ್ನೂ ಅದೇ ಒತ್ತಿ ಹಿಡಿಯಬೇಕು. ಕಂಟ್ರೋಲ್ ತಲುಪಲು ಇಡೀ ಮಣಿಕಟ್ಟು ಕಿರುಬೆರಳಿನ ಕಡೆಗೆ ವಾಲುತ್ತದೆ. ಹಾಗೆ ವಾಲಿದ ಕೈಯಲ್ಲೇ ಮೂರು ಗಂಟೆ ಆಟ. ನೋವು ಬರದೆ ಇರುತ್ತದೆಯೇ?

ಕೀಪ್ಯಾಡ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಅದನ್ನು ಮೇಜಿನ ಮೇಲೆ ಎಲ್ಲಿ ಬೇಕಾದರೂ ಇಡಬಹುದು, ಎಷ್ಟು ಬೇಕಾದರೂ ಓರೆ ಮಾಡಬಹುದು. ಮೊಣಕೈ, ಮುಂಗೈ, ಮಣಿಕಟ್ಟು ಒಂದೇ ಗೆರೆಗೆ ಬರುತ್ತವೆ. ನಂಬರ್ ಪ್ಯಾಡ್ ಇರುವ ಪೂರ್ತಿ ಕೀಬೋರ್ಡ್ 45 ಸೆಂಟಿಮೀಟರ್ ಆಸುಪಾಸು ಅಗಲ ಇರುತ್ತದೆ. ಮೌಸ್ ಅದರಾಚೆಗೆ ಹೋಗುತ್ತದೆ, ಬಲಭುಜ ಹೊರಕ್ಕೆ ಚಾಚಿಕೊಂಡೇ ಇರುತ್ತದೆ. ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ ಕೀಪ್ಯಾಡ್ ಇಟ್ಟರೆ ಬಲಭುಜಕ್ಕೂ ಆರಾಮ. ಟಾರ್ಟರಸ್ ವಿ2ನಲ್ಲಿ 32 ಗುಂಡಿಗಳಿಗೆ ನಮಗೆ ಬೇಕಾದ ಕೆಲಸ ಕೊಡಬಹುದು ಅಂತ ಜಾಹೀರಾತು ಹೇಳುತ್ತದೆ. ನನಗೆ ಆ 32ಕ್ಕಿಂತ ಅದನ್ನು ತಿರುಗಿಸಿ ಇಡಬಹುದು ಅನ್ನುವುದೇ ದೊಡ್ಡದು.

ಆದರೆ ಹೆಬ್ಬೆರಳಿನ ಮಾತು ಬಾಕಿ ಇದೆ.

ಈ ಜಾತಿಯ ಸಾಧನಗಳಲ್ಲಿ ಹೆಬ್ಬೆರಳಿಗೆ ಕೆಲಸ ಜಾಸ್ತಿ. ಟಾರ್ಟರಸ್‌ನಲ್ಲಿ ಎಂಟು ದಿಕ್ಕಿಗೆ ಒತ್ತುವ ಪ್ಯಾಡ್ ಇದೆ. 2009ರಲ್ಲಿ ಬಂದ ಲಾಜಿಟೆಕ್ ಜಿ13ನಲ್ಲೂ ಹೆಬ್ಬೆರಳಿಗೆ ಸ್ಟಿಕ್ ಇತ್ತು. ಅಂದರೆ ಕಿರುಬೆರಳಿನ ಹೊರೆಯನ್ನು ತೆಗೆದು ಹೆಬ್ಬೆರಳಿನ ತಲೆಗೆ ಹಾಕಿದ ಹಾಗೆ. ಹೆಬ್ಬೆರಳನ್ನು ಎತ್ತುವ, ಹೊರಕ್ಕೆ ಸರಿಸುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕ ಒಂದು ಇಕ್ಕಟ್ಟಾದ ಕೊಳವೆಯೊಳಗೆ ಜಾರುತ್ತವೆ. ಅಲ್ಲಿ ಜಾಗ ಕಡಿಮೆಯಾದರೆ ಬರುವ ನೋವಿಗೆ ಡಿ ಕರ್ವೇನ್ ಎಂದು ಹೆಸರು. ಮಗುವನ್ನು ಪದೇ ಪದೇ ಎತ್ತುವ ಬಾಣಂತಿಯರಲ್ಲಿ ಇದನ್ನು ತುಂಬಾ ನೋಡುತ್ತೇವೆ. ಈಗ ಹೆಬ್ಬೆರಳಲ್ಲೇ ಮೊಬೈಲ್ ಒತ್ತುವವರೂ ಇದೇ ನೋವು ಹೇಳಿಕೊಂಡು ಬರುತ್ತಾರೆ.

ಕೆಲವು ವರ್ಷಗಳ ಹಿಂದೆ ಕಿರುಬೆರಳು ನೋವೆಂದು ಬಂದ ಒಬ್ಬನಿಗೆ ಇಂಥ ಕೀಪ್ಯಾಡ್ ತಗೋ ಎಂದು ನಾನೇ ಹೇಳಿದ್ದೆ. ಕಿರುಬೆರಳು ಸರಿಹೋಯಿತು. ತಿಂಗಳೊಳಗೆ ಹೆಬ್ಬೆರಳು ಹಿಡಿದುಕೊಂಡು ವಾಪಸ್ ಬಂದ. ಅವನು ದಿನವಿಡೀ ಮೊಬೈಲ್ ಹಿಡಿಯುವವನು, ಹೆಬ್ಬೆರಳು ಮೊದಲೇ ದಣಿದಿತ್ತು. ನಾನು ಅದನ್ನು ಪರೀಕ್ಷಿಸಿರಲಿಲ್ಲ. ಆ ತಪ್ಪು ನನ್ನದೇ. ಅಂದಿನಿಂದ ಮೊದಲು ಹೆಬ್ಬೆರಳನ್ನೇ ನೋಡುತ್ತೇನೆ.

ನೀವೂ ನೋಡಿಕೊಳ್ಳಿ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಮುಷ್ಟಿ ಕಟ್ಟಿ. ಮಣಿಕಟ್ಟನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ಬಗ್ಗಿಸಿ. ಸ್ವಲ್ಪ ಸೆಳೆತ ಎಲ್ಲರಿಗೂ ಆಗುತ್ತದೆ. ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ಕೊಳ್ಳುವ ಯೋಚನೆ ಬಿಟ್ಟು ಮೊದಲು ಕೈ ತೋರಿಸಿ.

ಜೋಮು ಹಿಡಿಯುವುದು ಬೇರೆ ಕಥೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಜೋಮು ಹಿಡಿದರೆ ಹೆಚ್ಚಿನ ಸಲ ತೊಂದರೆ ಮೊಣಕೈಯಲ್ಲಿರುತ್ತದೆ. ಮೇಜಿನ ಅಂಚಿಗೆ ಮೊಣಕೈ ಊರಿ ಆಡುವವರಿಗೆ ಯಾವ ಕೀಪ್ಯಾಡೂ ಉಪಯೋಗಕ್ಕೆ ಬರುವುದಿಲ್ಲ. ಆ ಊರುವ ಅಭ್ಯಾಸವನ್ನೇ ಬಿಡಬೇಕು.

ಮತ್ತೆ ಆ ಹುಡುಗನ ವಿಷಯ. ಒಂದು ಎ4 ಹಾಳೆಯ ಮೇಲೆ ಅವನ ಎಡಗೈ ಇಡಿಸಿದೆ. ಬೆರಳುಗಳನ್ನು ಬಿಗಿಯದೆ, ಸುಮ್ನೆ ಬಿದ್ದಿರುವ ಹಾಗೆ. ಸ್ಕೆಚ್ ಪೆನ್ನಿನಲ್ಲಿ ಸುತ್ತ ಗೆರೆ ಎಳೆದು ಐದು ಬೆರಳ ತುದಿಗೂ ಚುಕ್ಕಿ ಇಟ್ಟೆ. ಕೈ ಎತ್ತಿದಾಗ ಚುಕ್ಕಿಗಳು ನೇರ ಸಾಲಿನಲ್ಲಿರಲಿಲ್ಲ, ಬಿಲ್ಲಿನ ಹಾಗೆ ಬಾಗಿದ್ದವು. ಕಿರುಬೆರಳಿನ ಚುಕ್ಕಿ ನಡುಬೆರಳಿನದಕ್ಕಿಂತ ಸಾಕಷ್ಟು ಹಿಂದೆ. ಸಾಮಾನ್ಯ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಇನ್ನೊಂದರ ನಡುವಿಗೆ 19 ಮಿಲಿಮೀಟರ್. ಅದೇ ಅಳತೆಯಲ್ಲಿ ಮೂರು ಸಾಲು ಚೌಕ ಬರೆದೆ. ಅಂಗೈ ಕದಲಿಸದೆ ಮೇಲಿನ ಸಾಲು ಮುಟ್ಟು ಅಂದೆ. ನಡುಬೆರಳು ಮುಟ್ಟಿತು, ಕಿರುಬೆರಳು ಮುಟ್ಟಲಿಲ್ಲ. ಮೆತ್ತೆಗೆ ಅಂಗೈ ಊರಿದ ಮೇಲೆ ಕೈ ಮುಂದೆ ಸರಿಯಲು ಜಾಗ ಇರುವುದಿಲ್ಲ. ಟಾರ್ಟರಸ್‌ನ ಮೆತ್ತೆಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸಬಹುದು ನಿಜ, ಆದರೂ ಚಿಕ್ಕ ಕೈಯವರು ಈ ಹಾಳೆ ಪರೀಕ್ಷೆ ಮಾಡಿಯೇ ಮುಂದೆ ಹೋಗಬೇಕು. ಲಾಟ್ವಿಯಾದ ಅಜೆರಾನ್ ಕಂಪನಿ ಒಂದೊಂದು ಬೆರಳಿನ ಕಂಬವನ್ನೂ ಬೇರೆ ಬೇರೆಯಾಗಿ ಸರಿಹೊಂದಿಸುವ ಕೀಪ್ಯಾಡ್ ಮಾಡುತ್ತದೆ. ಬಲಗೈಗೂ ಮಾಡುತ್ತದೆ. ಎಡಗೈಯಲ್ಲಿ ಮೌಸ್ ಹಿಡಿಯುವವರಿಗೆ ಇದು ಮುಖ್ಯ, ಯಾಕೆಂದರೆ ಟಾರ್ಟರಸ್ ಎಡಗೈಯ ಆಕಾರಕ್ಕೇ ಮಾಡಿದ್ದು.

"ಒಂದು ಕೈಯ ಕೀಪ್ಯಾಡ್" ಎಂಬ ಹೆಸರು ನೋಡಿ ಪಾರ್ಶ್ವವಾಯುವಾದವರ ಮನೆಯವರೂ ಕೇಳುತ್ತಾರೆ. ಮದುವೆ ಆಲ್ಬಂ ವಿನ್ಯಾಸ ಮಾಡುವ ಒಬ್ಬರಿಗೆ ಬಲಗೈ ಸ್ವಾಧೀನ ಹೋಗಿತ್ತು. ಮಗ ಕೀಪ್ಯಾಡ್ ಆರ್ಡರ್ ಮಾಡಲು ಹೊರಟಿದ್ದ. ನಾನು ತಡೆದೆ. ಇದು ಇನ್ನೊಂದು ಕೈಯಲ್ಲಿ ಮೌಸ್ ಇರುತ್ತದೆ ಎಂದು ನಂಬಿ ಮಾಡಿದ ಸಾಧನ. ಇರುವ ಒಂದೇ ಕೈ ಕೀಪ್ಯಾಡಿಗೂ ಮೌಸಿಗೂ ಓಡಾಡಿದರೆ ಅದೂ ಸೋಲುತ್ತದೆ. ಅವರಿಗೆ ಬೇಕಿದ್ದದ್ದು ಗುಂಡಿಗಳು ಮೌಸ್ ಮೇಲೇ ಇರುವ ವ್ಯವಸ್ಥೆ. ರೇಜರ್ ನಾಗಾ ಮೌಸಿನ ಎಡಗೈ ಆವೃತ್ತಿ 2020ರಲ್ಲಿ ಬಂತು, ಪಕ್ಕದಲ್ಲೇ 12 ಗುಂಡಿ. ಜೊತೆಗೆ ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಇದೆ. ಶಿಫ್ಟನ್ನು ಐದು ಸಲ ಒತ್ತಿದರೆ ಆನ್ ಮಾಡಲೇ ಎಂದು ಕೇಳುತ್ತದೆ. ಆಮೇಲೆ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಬೇಕಾಗಿಲ್ಲ, ಒಂದಾದ ಮೇಲೆ ಒಂದು ಒತ್ತಿದರೆ ಸಾಕು. ಅದಕ್ಕೆ ಪೈಸೆಯೂ ಖರ್ಚಿಲ್ಲ. ಗೇಮ್ ಆಡುವ ಆಸೆ ಇದ್ದವರಿಗೆ, ಕೈಕಾಲು ಚಲನೆ ಕಡಿಮೆ ಇರುವವರಿಗೆಂದೇ ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಇದೆ. ಅದಕ್ಕೆ ಕಾಲಿನ ಪೆಡಲ್ ಕೂಡ ಸಿಕ್ಕಿಸಬಹುದು.

ಕನ್ನಡ ಟೈಪ್ ಮಾಡಲು ಆಗುತ್ತಾ ಅಂದರೆ, ಇಲ್ಲ. ಕೆ.ಪಿ. ರಾವ್ ಅವರ ಕಗಪ ಕೀಬೋರ್ಡ್ ವಿನ್ಯಾಸಕ್ಕೆ 26 ಅಕ್ಷರದ ಕೀಗಳೂ ಶಿಫ್ಟೂ ಬೇಕು. ಟಾರ್ಟರಸ್ಸಿನ ಆ 32ರ ಲೆಕ್ಕದಲ್ಲಿ ಹೆಬ್ಬೆರಳ ಪ್ಯಾಡಿನ ದಿಕ್ಕುಗಳೂ ಸೇರಿವೆ, ಬೆರಳಿಗೆ ಸಿಗುವ ಕೀಗಳು ಅಷ್ಟಿಲ್ಲ. ಆಫೀಸ್ ಲ್ಯಾಪ್‌ಟಾಪಿಗೆ ತಗೊಳ್ಳುವವರು, ಅದರ ಸಾಫ್ಟ್‌ವೇರ್ ಹಾಕಲು ಆಫೀಸಿನವರು ಬಿಡುತ್ತಾರೆಯೇ ಎಂದು ಮೊದಲೇ ಕೇಳಿ. ಮ್ಯಾಕ್ರೋ ನಂಬಿ ಕೊಳ್ಳುವವರಿಗೂ ಒಂದು ಮಾತು: ಹಾಗೆ ಒಂದೇ ಒತ್ತಿಗೆ ಹಲವು ಚಲನೆ ಮಾಡಿಸುವುದನ್ನು ಕೌಂಟರ್ ಸ್ಟ್ರೈಕ್ 2 ಆಟದ ಅಧಿಕೃತ ಸರ್ವರ್‌ಗಳಲ್ಲಿ ಅದರ ತಯಾರಕ ಕಂಪನಿ ವಾಲ್ವ್ 2024ರ ಆಗಸ್ಟ್‌ನಲ್ಲೇ ತಡೆದಿದೆ.

ಅಮೆರಿಕದಲ್ಲಿ ಟಾರ್ಟರಸ್ ವಿ2 ಬಂದಾಗ ಬೆಲೆ 79.99 ಡಾಲರ್, ಅದರ ದುಬಾರಿ ಮಾದರಿ ಪ್ರೊ ಬಂದಾಗ 129.99 ಡಾಲರ್. ಸಣ್ಣ ದುಡ್ಡಲ್ಲ. ಅದಕ್ಕೇ ಹುಡುಗನಿಗೆ ಎರಡು ವಾರದ ಕೆಲಸ ಕೊಟ್ಟೆ. ಇರುವ ಕೀಬೋರ್ಡನ್ನೇ ಓರೆಯಾಗಿ ತಿರುಗಿಸಿ ಮಣಿಕಟ್ಟು ನೇರ ಇಟ್ಟುಕೊಳ್ಳಬೇಕು. ಬಗ್ಗುವುದನ್ನು ಕಂಟ್ರೋಲ್‌ನಿಂದ ಸಿ ಕೀಗೆ ಬದಲಾಯಿಸಬೇಕು. ಆಡುವಾಗ ನಿಜವಾಗಿ ಬಳಸುವ ಕೀಗಳನ್ನು ಚೀಟಿಯಲ್ಲಿ ಬರೆಯಬೇಕು. ಅಷ್ಟರಲ್ಲೇ ನೋವು ಇಳಿದರೆ ಕೊಳ್ಳುವುದು ಬೇಡ. ಓರೆ ಇಟ್ಟಾಗ ಆರಾಮ ಅನಿಸಿ, ಆದರೆ ಮೌಸಿಗೆ ಜಾಗ ಸಾಲದೆ, ಹೆಬ್ಬೆರಳೂ ಗಟ್ಟಿಯಾಗಿದ್ದರೆ ಧೈರ್ಯವಾಗಿ ತಗೊಳ್ಳಲಿ, ನಾನೇ ಅವನ ಅಮ್ಮನಿಗೆ ಹೇಳುತ್ತೇನೆ.

ಮೊನ್ನೆ ಫೋನ್ ಮಾಡಿದ್ದ. ಚೀಟಿಯಲ್ಲಿ ಹದಿಮೂರು ಕೀ ಆಗಿವೆಯಂತೆ. ಮುಂದಿನ ಮಂಗಳವಾರ ಹಾಳೆ, ಚೀಟಿ ಎರಡನ್ನೂ ಹಿಡಿದುಕೊಂಡು ಬರುತ್ತಾನೆ.