ಪ್ಯಾಟರ್ನ್ ಮೇಲಿನ ಬಾಣದ ಗುರುತು

ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಮಾಮೂಲಿ ಪ್ಯಾಂಟು ಬಿಟ್ಟು ಹೊಸ ಆಕಾರದ ಉಡುಪು ಮಾಡಿಸಬೇಕೆಂದು ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಹೊಲಿಗೆಯು ಕಾಲಿನ ಸುತ್ತ ಸುರುಳಿಯಾಗಿ ಇಳಿಯುವ ಪ್ಯಾಂಟು, ಬೆನ್ನು ಉಬ್ಬಿ ನಿಲ್ಲುವ ಜಾಕೆಟ್ಟು, ಹೀಗೆ ಅವರ ಕಲ್ಪನೆಗೆ ಕೊರತೆಯಿಲ್ಲ, ನನಗೂ ಅಂಥ ಕೆಲಸವೇ ಇಷ್ಟ. ನನ್ನ ತಕರಾರು ಇರುವುದು ನಾನು ಮಾಡಿಕೊಡುವ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಅಳತೆಯ ಅಚ್ಚು) ಕಟಿಂಗ್ ಟೇಬಲ್ಲಿಗೆ ಹೋದ ಮೇಲೆ ನಡೆಯುವ ಒಂದು ಕೆಲಸದ ಬಗ್ಗೆ. ಪ್ರತಿಯೊಂದು ಪೀಸಿನ ಮೇಲೂ ನಾನು ಉದ್ದನೆಯ ಬಾಣದ ಗುರುತು ಹಾಕಿರುತ್ತೇನೆ; ಬಟ್ಟೆಯ ಉದ್ದದ ಎಳೆ ಆ ದಿಕ್ಕಿಗೇ ಬರಬೇಕೆಂದು ಅದರ ಅರ್ಥ. ಬಟ್ಟೆ ಉಳಿಸುವ ಉಮೇದಿನಲ್ಲಿ ಆ ಬಾಣವನ್ನು ಲೆಕ್ಕಿಸದೆ, ಪೀಸುಗಳನ್ನು ಜಾಗ ಸಿಕ್ಕ ಕಡೆಗೆ ತಿರುಗಿಸಿ ಕೂರಿಸಲಾಗುತ್ತದೆ. ಕೇಳಿದರೆ ಯಜಮಾನರ ಉತ್ತರ ಸಿದ್ಧವಿರುತ್ತದೆ: “ಬಟ್ಟೆ ಅದ ಐತಲ್ರೀ ಮೇಡಂ, ಉದ್ದ ಇಟ್ರೇನು, ಅಡ್ಡ ಇಟ್ರೇನು?”

ಅದೇ ಬಟ್ಟೆ ನಿಜ, ಆದರೆ ಮೂರು ದಿಕ್ಕಿಗೆ ಅದರ ನಡತೆ ಮೂರು ಬಗೆ. ಡೆನಿಮ್ಮಿನಲ್ಲಿ ಉದ್ದಕ್ಕೆ ಸಾಗುವ ನೀಲಿಯ ಹಾಸು ಎಳೆಯು ಸಾಮಾನ್ಯವಾಗಿ ಅಡ್ಡಕ್ಕೆ ಸಾಗುವ ಬಿಳಿಯ ಹೊಕ್ಕಿನ ಮೂರು ಎಳೆಗಳ ಮೇಲೆ ಹಾದು ಒಂದರ ಕೆಳಗೆ ಇಳಿಯುತ್ತದೆ. ಮಗ್ಗದ ಮೇಲೆ ಬಿಗಿಯಾಗಿ ಎಳೆದಿದ್ದ ಹಾಸು ನೀರು ಕಂಡೊಡನೆ ಸಡಿಲಗೊಂಡು ಕುಗ್ಗುತ್ತದೆ; ಮಿಲ್ಲಿನಲ್ಲೇ ಕುಗ್ಗಿಸಿರದ ಡೆನಿಮ್ ಉದ್ದದಲ್ಲಿ ಶೇ. 10ರವರೆಗೂ ಕುಗ್ಗಬಹುದು. ಸ್ಟ್ರೆಚ್ ಬಟ್ಟೆಯಾದರೆ ಲೈಕ್ರಾ ಎಂಬ ಹಿಗ್ಗುವ ಎಳೆ ಇರುವುದು ಹೆಚ್ಚಾಗಿ ಹೊಕ್ಕಿನಲ್ಲಿ, ಆದ್ದರಿಂದ ಅದು ಅಗಲದಲ್ಲಿ ಇನ್ನೂ ಹೆಚ್ಚು ಒಳಗೆ ಸರಿಯುತ್ತದೆ. ಇವೆರಡರ ನಡುವೆ ಕ್ರಾಸ್ ಆಗಿ, ಅಂದರೆ ಓರೆಯಾಗಿ, ಕತ್ತರಿಸಿದ ಪೀಸು ತನ್ನ ಭಾರಕ್ಕೆ ತಾನೇ ಜಗ್ಗಿ ಇಳಿಯುತ್ತದೆ. ಕುತ್ತಿಗೆಯ ಪೈಪಿಂಗ್ ಪಟ್ಟಿಯನ್ನು ಕ್ರಾಸ್ ಆಗಿಯೇ ಕತ್ತರಿಸಬೇಕೆಂದು ನಮ್ಮೂರಿನ ಯಾವ ಕಟಿಂಗ್ ಮಾಸ್ಟರಿಗೂ ಹೇಳಿಕೊಡಬೇಕಿಲ್ಲ. ಒಂದು ಇಂಚಿನ ಪಟ್ಟಿಗೆ ತೋರಿಸುವ ಆ ವಿವೇಕವು ಒಂದೂವರೆ ಮೀಟರಿನ ಪೀಸಿನ ಎದುರು ಎಲ್ಲಿಗೆ ಹೋಗುತ್ತದೋ ತಿಳಿಯದು.

ಸುರುಳಿ ಪ್ಯಾಂಟಿನ ವಿಷಯದಲ್ಲಿ ಆದದ್ದೇ ಇದು. ತಂದೆಯ ಯುನಿಟ್ಟನ್ನು ವಹಿಸಿಕೊಂಡ ಒಬ್ಬ ಉತ್ಸಾಹಿ ಯುವಕ ಅದನ್ನು ಮಾಡಿಸಿದ್ದ. ಇಸ್ತ್ರಿ ಮಾಡಿ ಮೇಜಿನ ಮೇಲಿಟ್ಟಾಗ ಪ್ಯಾಂಟು ಚೆನ್ನಾಗಿಯೇ ಇತ್ತು. ವಾಷಿಂಗ್ ಯುನಿಟ್ಟಿನಿಂದ ಮರಳಿ ಬಂದಾಗ ಎಡಗಾಲಿನ ಹೊಲಿಗೆ ಮೊಣಕಾಲಿನಿಂದ ಕೆಳಗೆ ಕರಿದ ಹಪ್ಪಳದ ಅಂಚಿನಂತೆ ಅಲೆಯಲೆಯಾಗಿತ್ತು. ಹೊಲಿಗೆಯ ಒಂದು ಬದಿಯ ಬಟ್ಟೆ ಕುಗ್ಗಿತ್ತು, ತಿರುಗಿಸಿ ಕತ್ತರಿಸಿದ ಇನ್ನೊಂದು ಬದಿ ಅಷ್ಟು ಕುಗ್ಗಿರಲಿಲ್ಲ. ಬಾಣದಂತೆ ಕತ್ತರಿಸಿದ್ದ ಬಲಗಾಲು ನೆಟ್ಟಗಿತ್ತು. ಹುಡುಗ ದಾರವನ್ನು ಬೈದ, ಟೇಲರನ್ನು ಬೈದ, ವಾಷಿಂಗಿನವರನ್ನೂ ಬೈದ. ಇವರಲ್ಲಿ ಯಾರದೂ ತಪ್ಪಿರಲಿಲ್ಲ.

ಎಳೆಯನ್ನು ತಿರುಗಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಮ್ಯಾಡ್ಲೀನ್ ವಿಯೊನೆ (1876–1975) 1920ರ ದಶಕದಲ್ಲಿ ಇಡೀ ಗೌನನ್ನೇ ಕ್ರಾಸ್ ಆಗಿ ಕತ್ತರಿಸಿ, ಬಟ್ಟೆಯು ತಾನಾಗಿಯೇ ಮೈಗೆ ಒಪ್ಪುವಂತೆ ಮಾಡಿದರು. ಆದರೆ ಅವರು ಮೊದಲು ಚಿಕ್ಕ ಮರದ ಗೊಂಬೆಗೆ ಬಟ್ಟೆ ಸುತ್ತಿ, ಅದು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿಕೊಂಡೇ ಕತ್ತರಿ ಹಿಡಿಯುತ್ತಿದ್ದರು. ಜಪಾನಿನ ವಿನ್ಯಾಸಕ ಇಸ್ಸೆ ಮಿಯಾಕೆ 1993ರಲ್ಲಿ ಆರಂಭಿಸಿದ ನೆರಿಗೆಯ ಉಡುಪುಗಳನ್ನು ಬೇಕಾದ ಅಳತೆಗಿಂತ ಎರಡೂವರೆ–ಮೂರು ಪಟ್ಟು ದೊಡ್ಡದಾಗಿ ಹೊಲಿದು, ಆಮೇಲೆ ಶಾಖ ಮತ್ತು ಒತ್ತಡದಲ್ಲಿ ನೆರಿಗೆ ಹಾಕಲಾಗುತ್ತದೆ. ದೊಡ್ಡದಾಗಿ ಹೊಲಿದು ಆಮೇಲೆ ಅಳತೆಗೆ ಇಳಿಸುವುದು ಬಳ್ಳಾರಿಗೇನು ಹೊಸದೇ? ವಾಷಿಂಗಿಗೆಂದು ಪ್ರತಿ ಪ್ಯಾಂಟಿಗೂ ನಾವು ಹೆಚ್ಚುವರಿ ಅಳತೆ ಬಿಡುತ್ತೇವಲ್ಲ.

ಹಾಗಾಗಿ ಪೀಸನ್ನು ತಿರುಗಿಸುವ ಮುನ್ನ ಅದೇ ಥಾನಿನ ತುಂಡೊಂದರ ಮೇಲೆ 50 ಸೆಂ.ಮೀ.ನ ಚೌಕ ಬರೆದು, ಉಡುಪಿಗೆ ಕೊಡುವ ವಾಷಿಂಗನ್ನೇ ಅದಕ್ಕೂ ಕೊಟ್ಟು, ಒಣಗಿದ ಮೇಲೆ ಅಳೆಯಬೇಕು. ಉದ್ದ 47, ಅಗಲ 45 ಬಂದರೆ ಕುಗ್ಗಿದ್ದು ಕ್ರಮವಾಗಿ ಶೇ. 6 ಮತ್ತು ಶೇ. 10. ಮೂಲೆಯಿಂದ ಮೂಲೆಗೂ ಟೇಪ್ ಹಿಡಿಯಬೇಕು. ಎರಡು ಕರ್ಣಗಳು ಸಮ ಬರದಿದ್ದರೆ ಬಟ್ಟೆ ಓರೆಯಾಗಿದೆ, ಆ ಬಟ್ಟೆಯ ಪ್ಯಾಂಟಿನ ಪಕ್ಕದ ಹೊಲಿಗೆ ಮುಂದಕ್ಕೆ ಸುತ್ತಿ ಬರುವ ಸಂಭವ ಹೆಚ್ಚು. ಥಾನಿನಿಂದ ಥಾನಿಗೆ ಈ ಅಂಕಿ ಬದಲಾಗುವುದರಿಂದ ನಾನು ಯಾರಿಗೂ ಬಾಯಿಮಾತಿನ ಲೆಕ್ಕ ಕೊಡುವುದಿಲ್ಲ.

ಅಂಕಿ ಕೈಯಲ್ಲಿದ್ದರೆ ಆ ವ್ಯತ್ಯಾಸವನ್ನೇ ದುಡಿಸಿಕೊಳ್ಳಬಹುದು. ಹೆಚ್ಚು ಕುಗ್ಗುವ ಎರಡು ಪೀಸುಗಳ ನಡುವೆ ಕಡಿಮೆ ಕುಗ್ಗುವ ಪೀಸು ಕೂರಿಸಿದರೆ, ವಾಷಿಂಗ್ ಮುಗಿಯುವ ಹೊತ್ತಿಗೆ ಟಕ್ಸ್ (ಆಕಾರಕ್ಕಾಗಿ ಬಟ್ಟೆಯನ್ನು ಮಡಚಿ ಹಾಕುವ ಹೊಲಿಗೆ) ಹಿಡಿಯದೆಯೂ ಮೊಣಕಾಲಿನ ಜಾಗ ಉಬ್ಬಿ ನಿಲ್ಲುತ್ತದೆ. ಆ ಯುವಕನಿಗೆ ಈಗ ಮಾಡಿಕೊಡುತ್ತಿರುವುದು ಇದನ್ನೇ. ಸ್ಯಾಂಪಲ್ ತೊಳೆದ ನೀರಿನ ಬಿಸಿಯನ್ನೂ ಹೊತ್ತನ್ನೂ ಪೂರ್ತಿ ಲಾಟಿಗೆ ಬದಲಿಸಕೂಡದೆಂದು ವಾಷಿಂಗಿನವರ ಚೀಟಿಯಲ್ಲಿ ಬರೆಸಿದ್ದೇನೆ, ಕ್ರಾಸ್ ಪೀಸು ಇರುವ ಕಾಲನ್ನು ಒಂದು ರಾತ್ರಿ ತೂಗುಹಾಕಿದ ಮೇಲೆಯೇ ಕೆಳ ಅಂಚು ಮಡಚಬೇಕೆಂದು ಟೇಲರಿಗೆ ಹೇಳಿದ್ದೇನೆ.