ಒಸಡಿನ ರಕ್ತಕ್ಕೆ ಕಿತ್ತಳೆ ಮಾತ್ರೆ

ಕಳೆದ ವಾರ ಒಬ್ಬರು ಟೀಚರ್ ಬಂದಿದ್ದರು. ಕುರ್ಚಿಯಲ್ಲಿ ಕೂರುವ ಮೊದಲೇ ಬ್ಯಾಗಿನಿಂದ ಒಂದು ಕವರ್ ತೆಗೆದು ನನ್ನ ಟ್ರೇ ಮೇಲಿಟ್ಟರು. ಒಳಗೆ ವಿಟಮಿನ್ ಸಿ ಮಾತ್ರೆಯ ಖಾಲಿ ಸ್ಟ್ರಿಪ್‌ಗಳು. ‘ಮೇಡಂ, ಏಳು ತಿಂಗಳಿಂದ ದಿನಾ ಒಂದು ಚೀಪ್ತಾ ಇದ್ದೀನಿ. ಆದ್ರೂ ಹಲ್ಲುಜ್ಜುವಾಗ ರಕ್ತ ನಿಲ್ತಾ ಇಲ್ಲ. 500ರದ್ದು ಸಾಕಾಗ್ತಿಲ್ವೇನೋ, ಸಾವಿರದ್ದು ಬರ್ಕೊಡಿ’ ಅಂದರು.

ಬಾಯಿ ತೆಗೆಸಿ ಕನ್ನಡಿ ಹಿಡಿದೆ. ಕೆಳಗಿನ ಮುಂದಿನ ಆರು ಹಲ್ಲುಗಳ ಹಿಂದೆ, ಒಸಡಿಗೆ ಅಂಟಿಕೊಂಡೇ, ಹಳದಿ ಬಣ್ಣದ ಗಟ್ಟಿ ಪಾಚಿ. ನಮ್ಮ ಕಾರವಾರದಲ್ಲಿ ಹಳೇ ದೋಣಿ ಮಗುಚಿ ಹಾಕಿದಾಗ ತಳದಲ್ಲಿ ಚಿಪ್ಪು ಕಚ್ಚಿಕೊಂಡಿರುತ್ತದಲ್ಲ, ಹಾಗೆ. ಅದರ ಸುತ್ತ ಒಸಡು ಕೆಂಪಗೆ ಉಬ್ಬಿತ್ತು. ಸಲಕರಣೆ ಸುಮ್ನೆ ತಾಗಿಸಿದ್ದಷ್ಟೇ, ರಕ್ತ ಜಿನುಗಿತು. ಏಳು ತಿಂಗಳು ಮಾತ್ರೆ ಚೀಪಿದ್ದಾರೆ. ಆ ಪಾಚಿಗೆ ಮಾತ್ರೆ ಬಂದಿದ್ದೂ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ.

ಹಲ್ಲಿನ ಡಾಕ್ಟರಾಗಿ 22 ವರ್ಷ ಆಯಿತು. ಈ ಕವರ್ ನನಗೆ ಹೊಸದಲ್ಲ. ಒಸಡಲ್ಲಿ ರಕ್ತ ಕಂಡ ಕೂಡಲೇ ಜನ ಮೆಡಿಕಲ್‌ಗೆ ಹೋಗುತ್ತಾರೆ, ಅಲ್ಲಿ ಕಿತ್ತಳೆ ಬಣ್ಣದ ಹುಳಿಸಿಹಿ ಮಾತ್ರೆ ಕೊಡುತ್ತಾರೆ, ಮನೆಗೆ ಬಂದು ಚೀಪುತ್ತಾರೆ. ತಪ್ಪು ಅವರದ್ದೂ ಅಲ್ಲ ಬಿಡಿ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ವಿಟಮಿನ್ ಸಿ ಕೊರತೆಯಿಂದ ಬರುವ ರೋಗ? ಸ್ಕರ್ವಿ. ಅದರ ಲಕ್ಷಣ? ಒಸಡಿನಲ್ಲಿ ರಕ್ತಸ್ರಾವ. ಒಂದು ಅಂಕ. ಟೀಚರಮ್ಮನೂ ಇದನ್ನೇ ಪಾಠ ಮಾಡುತ್ತಾರಂತೆ, ನಗುತ್ತಾ ಒಪ್ಪಿಕೊಂಡರು.

ಆ ಉತ್ತರ ಸರಿಯಾಗಿಯೇ ಇದೆ. ನಾವು ಅದನ್ನು ತಿರುಗಿಸಿ ಓದಿಕೊಳ್ಳುತ್ತೇವೆ, ಎಡವಟ್ಟಾಗುವುದು ಅಲ್ಲಿ. ಡೆಂಗ್ಯೂ ಆದರೆ ಜ್ವರ ಬರುತ್ತದೆ, ಹಾಗಂತ ಜ್ವರ ಬಂದವರಿಗೆಲ್ಲ ಡೆಂಗ್ಯೂ ಅಂತೀವಾ? ಸ್ಕರ್ವಿ ಆದರೆ ಒಸಡಲ್ಲಿ ರಕ್ತ ಬರುತ್ತದೆ, ನಿಜ. ಆದರೆ ನನ್ನ ಕುರ್ಚಿಯಲ್ಲಿ ಕೂತು ಒಸಡಿನ ರಕ್ತದ ಬಗ್ಗೆ ಹೇಳುವವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಕಾರಣ ಒಂದೇ. ಹಲ್ಲು ಮತ್ತು ಒಸಡು ಕೂಡುವ ಗೆರೆಯಲ್ಲಿ ದಿನಗಟ್ಟಲೆ ಕೂತ ಕೊಳೆ.

ವಿಟಮಿನ್ ಸಿ ಬಗ್ಗೆ ನನಗೇನು ಸಿಟ್ಟಿಲ್ಲ. ಅದು ಮಾಡುವ ಕೆಲಸ ಬೆರಗಿನದ್ದೇ. ಹಲ್ಲು ಮೂಳೆಗೆ ಮೊಳೆ ಹೊಡೆದ ಹಾಗೆ ಕೂತಿಲ್ಲ, ಸಣ್ಣ ಸಣ್ಣ ನಾರುಗಳಲ್ಲಿ ತೂಗಿಕೊಂಡಿದೆ. ಆ ನಾರು ಕೊಲಾಜೆನ್‌ನದ್ದು, ನಮ್ಮ ತೆಂಗಿನ ನಾರಿನ ಹಗ್ಗದ ಹಾಗೆ ಮೂರು ಎಳೆ ಹೊಸೆದದ್ದು. ಹೊಸೆದ ಎಳೆ ಬಿಚ್ಚಿಕೊಳ್ಳದೆ ನಿಲ್ಲಬೇಕಾದರೆ ವಿಟಮಿನ್ ಸಿ ಬೇಕು. ಒಸಡಿನ ಸುತ್ತ ಈ ಹಗ್ಗ ಬೇಗ ಬೇಗ ಹಳತಾಗುತ್ತದೆ, ಹೊಸದು ಹುಟ್ಟುತ್ತಲೇ ಇರುತ್ತದೆ. ಹಾಗಾಗಿ ಸಿ ಪೂರ್ತಿ ಖಾಲಿಯಾದಾಗ ಇಲ್ಲಿ ಬೇಗ ಗೊತ್ತಾಗುತ್ತದೆ. ಆಡು, ಹಸು, ನಾಯಿ ಎಲ್ಲ ತಮಗೆ ಬೇಕಾದ ಸಿ ತಾವೇ ಮೈಯೊಳಗೆ ತಯಾರಿಸಿಕೊಳ್ಳುತ್ತವೆ. ನಮಗೂ ಮಂಗಗಳಿಗೂ ಗಿನಿ ಇಲಿಗೂ ಆ ಭಾಗ್ಯ ಇಲ್ಲ. ತಿಂದೇ ಪಡೆಯಬೇಕು.

ಸ್ಕರ್ವಿಯ ಕಥೆ ನಮ್ಮೂರಿಗೂ ಒಂಚೂರು ತಾಗಿಕೊಂಡಿದೆ. ವಾಸ್ಕೋ ಡ ಗಾಮ 1498ರಲ್ಲಿ ವಾಪಸ್ ಹೋಗುವಾಗ ಕಾರವಾರದ ಎದುರಿಗಿರುವ ಅಂಜುದ್ವೀಪದಲ್ಲಿ ತಂಗಿದ್ದ. ಹಡಗನ್ನು ದಡಕ್ಕೆ ಎಳೆದು ತಳ ಸರಿಮಾಡಿಸಿಕೊಂಡು ಅಕ್ಟೋಬರ್ ಮೊದಲ ವಾರ ಹೊರಟ. ಗಾಳಿ ಕೈಕೊಟ್ಟಿತು. ಆಫ್ರಿಕಾದ ದಡ ಕಾಣಲು ಮೂರು ತಿಂಗಳಿಗೆ ಮೂರೇ ದಿನ ಕಮ್ಮಿ ಬೇಕಾಯಿತು. ಒಸಡು ಹಲ್ಲಿನ ಮೇಲೆ ಬೆಳೆದು ಊಟ ಮಾಡಲಾಗದೆ, ಕಾಲು ಊದಿ, ಆ ಒಂದು ದಾಟುವಿಕೆಯಲ್ಲೇ 30 ಜನ ಸತ್ತರು ಅಂತ ಜೊತೆಗಿದ್ದವನೊಬ್ಬ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಹಡಗಿಗೆ ಏಳೆಂಟು ಜನ ಮಾತ್ರ ಕೆಲಸ ಮಾಡುವ ಸ್ಥಿತಿಯಲ್ಲಿದ್ದರಂತೆ. ತಿಂಗಳುಗಟ್ಟಲೆ ಹಸಿ ಹಣ್ಣು, ಹಸಿ ಸೊಪ್ಪು ಒಂದೂ ಇಲ್ಲದಿದ್ದರೆ ಆಗುವುದು ಹೀಗೆ.

ಆಮೇಲೆ 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ 12 ಜನ ಸ್ಕರ್ವಿ ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟು ನೋಡಿದ. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ತಿಂದ ಜೋಡಿ ಆರು ದಿನದಲ್ಲಿ ಚೇತರಿಸಿಕೊಂಡಿತು. ಅಷ್ಟರಲ್ಲಿ ಹಣ್ಣೂ ಮುಗಿದಿತ್ತು. ಈ ಕಥೆ ಎಲ್ಲರಿಗೂ ಗೊತ್ತು.

ಇನ್ನೊಂದು 12 ಜನರ ಕಥೆ ಇದೆ, ಅದು ಮಾತ್ರ ಯಾರಿಗೂ ಗೊತ್ತಿಲ್ಲ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ್ದು. ಒಸಡು ಚೆನ್ನಾಗಿದ್ದ 12 ಜನರಿಗೆ, ಅವರಲ್ಲಿ ಹೆಚ್ಚಿನವರು ನಮ್ಮ ಹಾಗೆ ಹಲ್ಲಿನ ವೈದ್ಯಕೀಯ ಓದುತ್ತಿದ್ದವರೇ, ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿ ಅಂದರು. ಬೇಗ ಅಂದರೆ ಹತ್ತು ದಿನ, ತಡ ಅಂದರೆ ಮೂರು ವಾರ. ಅಷ್ಟರಲ್ಲಿ ಪ್ರತಿಯೊಬ್ಬರ ಒಸಡೂ ಕೆಂಪಾಗಿ ಊದಿತು. ಆಮೇಲೆ ಮತ್ತೆ ಉಜ್ಜಿ ಅಂದರು. ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಮಾತ್ರೆ ಇಲ್ಲ, ಹಣ್ಣಿಲ್ಲ. ಬ್ರಷ್ ಬಿಟ್ಟರು, ಬಂತು. ಬ್ರಷ್ ಹಿಡಿದರು, ಹೋಯಿತು. ಇದನ್ನೂ ಏಳನೇ ಕ್ಲಾಸಿನ ಪಾಠದಲ್ಲಿ ಹಾಕಿದ್ದರೆ ನನ್ನ ಅರ್ಧ ಮಾತು ಉಳಿಯುತ್ತಿತ್ತು.

ಮಾತ್ರೆಯ ನಿಜವಾದ ತೊಂದರೆ ಏನು ಅಂದರೆ ಅದು ಧೈರ್ಯ ಕೊಡುತ್ತದೆ. ಏನೋ ಮಾಡ್ತಾ ಇದ್ದೀನಲ್ಲ ಅನ್ನೋ ಧೈರ್ಯ. ಈ ಕಡೆ ರಕ್ತ ಬರುವ ಜಾಗಕ್ಕೆ ಬ್ರಷ್ ತಾಗಿಸಲು ಹೆದರಿಕೆ. ‘ಅಲ್ಲಿ ಗಾಯ ಆಗಿದೆ ಮೇಡಂ, ಉಜ್ಜಿದ್ರೆ ಜಾಸ್ತಿ ಆಗುತ್ತೆ ಅಲ್ವಾ’ ಅನ್ನುತ್ತಾರೆ. ಅಲ್ಲ. ಒಸಡಿನ ಒಳಪದರ ಕೊಳೆಯಿಂದ ಹುಣ್ಣಾಗಿರುತ್ತದೆ, ರಕ್ತನಾಳ ಊದಿಕೊಂಡಿರುತ್ತದೆ, ಅದಕ್ಕೇ ಮುಟ್ಟಿದರೆ ರಕ್ತ. ಅಲ್ಲಿ ಉಜ್ಜದೆ ಬಿಟ್ಟರೆ ಅಲ್ಲೇ ಕೊಳೆ ಜಾಸ್ತಿ, ಕೊಳೆ ಜಾಸ್ತಿಯಾದರೆ ಹುಣ್ಣು ಜಾಸ್ತಿ, ಹುಣ್ಣು ಜಾಸ್ತಿಯಾದರೆ ರಕ್ತ ಇನ್ನೂ ಜಾಸ್ತಿ, ಆಗ ಆ ಪಕ್ಕದ್ದನ್ನೂ ಉಜ್ಜುವುದು ಬಿಡುತ್ತಾರೆ, ಕೆಲವು ವರ್ಷದಲ್ಲಿ ಹಲ್ಲು ಅಲ್ಲಾಡಲು ಶುರು. ಆಮೇಲೆ ಬಂದು ಮತ್ತೆ ವಿಟಮಿನ್ ಕೇಳುತ್ತಾರೆ! ರಕ್ತ ಬರುವ ಜಾಗದಲ್ಲೇ ಮೆತ್ತನೆ ಬ್ರಷ್ ಓರೆ ಹಿಡಿದು ಒಸಡಿನ ಅಂಚನ್ನು ಹಗುರವಾಗಿ ಉಜ್ಜಬೇಕು. ಮೊದಲ ಕೆಲವು ದಿನ ರಕ್ತ ಬರುತ್ತದೆ, ಬರಲಿ. ಪಾಚಿ ಗಟ್ಟಿಯಾಗಿದ್ದರೆ ಬ್ರಷ್‌ಗೆ ಬಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಅದನ್ನು ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅನ್ನುವ ಇನ್ನೊಂದು ಮಹಾ ನಂಬಿಕೆ ಇದೆ. ಅದಕ್ಕೆ ಬೇರೆಯೇ ಬರೆಯುತ್ತೇನೆ, ಇವತ್ತು ಬಿಪಿ ಏರಿಸಿಕೊಳ್ಳುವುದು ಬೇಡ.

ಬೀಡಿ ಸಿಗರೇಟು ಸೇದುವವರಿಗೆ ಒಂದು ಮಾತು. ಸೇದುವವರಿಗೆ ಸಿ ಸ್ವಲ್ಪ ಜಾಸ್ತಿಯೇ ಬೇಕು, ಆದರೆ ಅವರ ಒಸಡಲ್ಲಿ ರಕ್ತ ಬರುವುದು ಕಮ್ಮಿ. ಹೊಗೆಯಿಂದ ರಕ್ತನಾಳ ಬಿಗಿದು ರೋಗ ಒಳಗೊಳಗೇ ಬೆಳೆಯುತ್ತದೆ. ‘ನಂಗೆ ರಕ್ತಾನೇ ಬರಲ್ಲ’ ಅಂತ ಖುಷಿಪಡುವ ಹಾಗಿಲ್ಲ.

ಹಾಗಾದರೆ ನಿಜವಾದ ಸ್ಕರ್ವಿ ನಾನು ನೋಡೇ ಇಲ್ವಾ? ನೋಡಿದ್ದೇನೆ, ಇಷ್ಟು ವರ್ಷದಲ್ಲಿ ಒಂದೇ ಒಂದು. ಹೆಂಡತಿ ಹೋದ ಮೇಲೆ ಒಂಟಿಯಾಗಿದ್ದ ಅಜ್ಜ. ಪಕ್ಕದ ಮನೆ ಹುಡುಗ ಕರೆದುಕೊಂಡು ಬಂದಿದ್ದ. ಒಸಡು ಕೆಂಪಲ್ಲ, ನೇರಳೆ ಬಣ್ಣ, ಸ್ಪಂಜಿನ ಹಾಗೆ. ವಿಚಿತ್ರ ಅಂದರೆ ಹಲ್ಲು ಇದ್ದ ಕಡೆ ಮಾತ್ರ ಹಾಗೆ, ಹಲ್ಲು ಬಿದ್ದುಹೋದ ಕಡೆ ಒಸಡು ಸಾಮಾನ್ಯವಾಗಿತ್ತು. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ. ಪಂಚೆ ಸರಿಸಿ ಕಾಲು ತೋರಿಸಿದರು. ಪೆಟ್ಟು ಬೀಳದೆಯೇ ಅಲ್ಲಲ್ಲಿ ನೀಲಿಗಟ್ಟಿತ್ತು, ಕಾಲಿನ ಕೂದಲು ಸ್ಕ್ರೂ ಹಾಗೆ ಸುರುಳಿಯಾಗಿತ್ತು. ‘ಅಜ್ಜ, ಊಟಕ್ಕೆ ಏನು ಮಾಡ್ಕೊಳ್ತೀರಿ?’ ಅಂತ ಕೇಳಿದೆ. ‘ಗಂಜಿ, ಒಣಮೀನು. ಚಾ, ಟೋಸ್ಟು. ಒಬ್ಬನಿಗೆ ಅಂತ ಯಾರು ತರಕಾರಿ ಹೆಚ್ತಾರೆ ತಂಗೀ’ ಅಂದರು.

ಅವರನ್ನು ಫಿಸಿಷಿಯನ್ ಹತ್ತಿರ ಕಳಿಸಿದೆ. ಅವರಿಗೆ ಕೊಟ್ಟದ್ದು ಅದೇ ಮಾತ್ರೆ, ಟೀಚರಮ್ಮನ ಕವರಿನಲ್ಲಿದ್ದಂಥದ್ದೇ. ಎರಡು ವಾರದಲ್ಲಿ ಒಸಡು ಇಳಿದಿತ್ತು. ಇಂಥವರಿಗೆ ಆ ಮಾತ್ರೆ ನಿಜಕ್ಕೂ ಔಷಧ. ಒಂಟಿ ಹಿರಿಯರು, ತುಂಬಾ ಕುಡಿಯುವವರು, ಒಂದೆರಡೇ ಪದಾರ್ಥ ತಿಂದು ಬದುಕುವ ಮಕ್ಕಳು, ಇವರ ವಿಷಯದಲ್ಲಿ ನಾನೂ ಮೊದಲು ಊಟ ಕೇಳುತ್ತೇನೆ. ಸ್ಕರ್ವಿಯಷ್ಟು ಆಗದೆ ಬರೀ ಸಿ ಕಮ್ಮಿ ಇರುವವರಿಗೂ ಒಸಡಿನಲ್ಲಿ ಸುಲಭವಾಗಿ ರಕ್ತ ಬರಬಹುದು ಅನ್ನುವ ಅಧ್ಯಯನಗಳಿವೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅವರಿಗೂ ಕೊಳೆ ತೆಗೆಯದೆ ಗತಿಯಿಲ್ಲ.

ಉಳಿದವರಿಗೆ ಎಷ್ಟು ಬೇಕು? ಸ್ಕರ್ವಿ ಬಾರದಿರಲು ದಿನಕ್ಕೆ 10 ಮಿಲಿಗ್ರಾಂ ಸಾಕು. ನಮ್ಮ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೇಳುವುದು ಗಂಡಸರಿಗೆ 80, ಹೆಂಗಸರಿಗೆ 65. 100 ಗ್ರಾಂ ಪೇರಲೆಯಲ್ಲೇ 200ರ ಆಸುಪಾಸು ಸಿಗುತ್ತದೆ, ನೆಲ್ಲಿಕಾಯಿಯಲ್ಲಿ ಇನ್ನೂ ಜಾಸ್ತಿ. ಬೇಯಿಸಿದರೆ ಸಿ ನಷ್ಟ, ಹಾಗಾಗಿ ಕೋಸಂಬರಿ, ಹಸಿ ನೆಲ್ಲಿಕಾಯಿ ತಂಬುಳಿ, ಒಲೆ ಆರಿಸಿದ ಮೇಲೆ ಹಿಂಡುವ ನಿಂಬೆ, ಇವು ಒಳ್ಳೆಯವು. ದಿನಕ್ಕೆ 200 ಮಿಲಿಗ್ರಾಂ ದಾಟಿದ ಮೇಲೆ ರಕ್ತದಲ್ಲಿ ಸಿ ಮಟ್ಟ ಅಷ್ಟೇನೂ ಏರುವುದಿಲ್ಲ. ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಕಲ್ಲು ಒಮ್ಮೆ ಆದವರು ಸಾವಿರದ ಮಾತ್ರೆಯ ಆಸೆ ಬಿಡುವುದು ಒಳ್ಳೆಯದು, ಕನಿಷ್ಠ ನಿಮ್ಮ ಡಾಕ್ಟರನ್ನು ಕೇಳಿ.

ಚೀಪುವ ವಿಷಯ ಹೇಳದಿದ್ದರೆ ನಾನು ಹಲ್ಲಿನ ಡಾಕ್ಟರೇ ಅಲ್ಲ. ಅದು ಆಸಿಡ್. ಟೀಚರಮ್ಮ ಬಲಗೆನ್ನೆಯ ಒಳಗೆ ಇಟ್ಟುಕೊಂಡು ಪಾಠ ಮಾಡುತ್ತಿದ್ದರಂತೆ. ಬಲಗಡೆಯ ಎರಡು ದವಡೆ ಹಲ್ಲಿನ ಹೊರಮೈ ಹೊಳಪು ಹೋಗಿ ಮಂಕಾಗಿತ್ತು. ಎಲ್ಲ ಮಾತ್ರೆಯದ್ದೇ ಕೆಲಸ ಅಂತ ನಾನು ಆಣೆ ಮಾಡಿ ಹೇಳಲಾರೆ, ಆದರೆ ಎಡಗಡೆ ಹಾಗಿರಲಿಲ್ಲ. ಬೇಕೇಬೇಕಾದರೆ ನುಂಗುವ ಮಾತ್ರೆ ತಗೊಳ್ಳಿ. ಚೀಪಿದರೆ ನೀರು ಮುಕ್ಕಳಿಸಿ, ತಕ್ಷಣ ಉಜ್ಜಬೇಡಿ.

ಅವರಿಗೆ ಕ್ಲೀನಿಂಗ್ ಮಾಡಿ ಎರಡು ವಾರ ಬಿಟ್ಟು ಬರಲು ಹೇಳಿದ್ದೇನೆ. ಆಗಲೂ ರಕ್ತ ಬರುತ್ತಿದ್ದರೆ ಸಕ್ಕರೆ ಮತ್ತು ಪೂರ್ತಿ ರಕ್ತದ ಪರೀಕ್ಷೆ ಬರೆದುಕೊಡುತ್ತೇನೆ, ಏಕೆಂದರೆ ಮಧುಮೇಹ ಹಿಡಿತ ತಪ್ಪಿದ್ದರೆ ಒಸಡು ಮೊದಲೇ ಹೇಳುವುದುಂಟು. ರಕ್ತ ತೆಳು ಮಾಡುವ ಮಾತ್ರೆ, ಬಸಿರು, ಅಪರೂಪಕ್ಕೆ ರಕ್ತದ್ದೇ ಕಾಯಿಲೆ, ಇವೂ ಕಾರಣ ಆಗಬಹುದು. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಉಜ್ಜದೆಯೇ ತಾನಾಗಿ ರಕ್ತ ಬರುತ್ತಿದ್ದರೆ, ಜ್ವರ ಇದ್ದು ರಕ್ತ ಬಂದರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಬಿದ್ದಿದ್ದರೆ ಎರಡು ವಾರ ಕಾಯುವುದೂ ಬೇಡ, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.

ಹೊರಡುವಾಗ ಟೀಚರಮ್ಮ ಕವರ್ ಟ್ರೇ ಮೇಲೆಯೇ ಬಿಟ್ಟಿದ್ದರು. ನೆನಪಿಸಿದೆ. ಖಾಲಿ ಸ್ಟ್ರಿಪ್‌ಗಳ ನಡುವೆ ಕೈಯಾಡಿಸಿ ಒಂದು ತುಂಬಿದ್ದನ್ನು ಹುಡುಕಿ ತೆಗೆದುಕೊಂಡು, ‘ಇದು ನಮ್ಮ ಮನೆಯವರಿಗೆ ಮೇಡಂ, ಅವರಿಗೆ ನೆಗಡಿ’ ಅಂದರು.