ಪ್ಲೇಟಿನಲ್ಲಿ ಸತ್ತ ಕೋಶ, ಲೋಟದಲ್ಲಿರುವ ಕಷಾಯ

ಸಿದ್ಧರಬೆಟ್ಟದ ಸೊಪ್ಪು, ಬೇರು ತಂದು ಒಣಗಿಸಿ ಕೊಡುವವರು ನಮ್ಮ ತುಮಕೂರಿನ ಕಡೆ ಇವತ್ತಿಗೂ ಇದ್ದಾರೆ. ಅವರ ತಿಳಿವಳಿಕೆಯ ಮೇಲೆ ನನಗೆ ಗೌರವವಿದೆ. ಆದರೆ 'ಈ ಎಲೆ ಗರ್ಭಕಂಠದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತೆ, ಲ್ಯಾಬ್‌ನಲ್ಲೇ ಸಾಬೀತಾಗಿದೆ' ಅಂತ ಮೊಬೈಲಿಗೆ ಬಂದ ಸುದ್ದಿ ನಂಬಿ ಯಾರೋ ಒಬ್ಬ ಅಕ್ಕ ರೇಡಿಯೇಷನ್ ಅರ್ಧಕ್ಕೆ ಬಿಡುತ್ತೇನೆ ಅಂದಾಗ ನನಗೆ ಸಂಕಟವಾಗುತ್ತದೆ. ಆ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಅದರಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ.

ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲೋ ನೀರಿನಲ್ಲೋ ನೆನೆಸಿ ಸೋಸುತ್ತೇವೆ. ಅದನ್ನು ಒಣಗಿಸಿದ ಮೇಲೆ ಉಳಿಯುವ ಅಂಟು ಮುದ್ದೆಯೇ ಎಕ್ಸ್‌ಟ್ರಾಕ್ಟ್. ಇನ್ನು ಕೋಶಗಳು. ಹೆಚ್ಚಾಗಿ ಬಳಸುವುದು ಹೀಲಾ. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ತಾಯಿಯ ಗರ್ಭಕಂಠದ ಕ್ಯಾನ್ಸರ್ ಗೆಡ್ಡೆಯಿಂದ, ಅವರನ್ನು ಒಂದು ಮಾತೂ ಕೇಳದೆ ತೆಗೆದ ಕೋಶಗಳಿವು. ಅದೇ ವರ್ಷ ಅವರು ತೀರಿಕೊಂಡರು. ಕೋಶಗಳು ಮಾತ್ರ ಇವತ್ತಿಗೂ ಬೆಳೆಯುತ್ತಲೇ ಇವೆ, ಒಳಗೆ ಈ ಕ್ಯಾನ್ಸರ್ ತರುವ ಎಚ್‌ಪಿವಿ 18 ವೈರಸ್‌ನ ಜೀನ್ ಇಟ್ಟುಕೊಂಡು.

96 ಗುಳಿಗಳ ಪ್ಲೇಟಿನಲ್ಲಿ ಇವನ್ನು ಬಿತ್ತಿ, 37 ಡಿಗ್ರಿ ಶಾಖದಲ್ಲಿ ಇಟ್ಟು, ಎಕ್ಸ್‌ಟ್ರಾಕ್ಟನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಾಕುತ್ತೇವೆ. ಒಂದೆರಡು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಬಣ್ಣ ಹಾಕಿದರೆ ಬದುಕಿರುವ ಕೋಶ ಅದನ್ನು ನೇರಳೆ ಮಾಡುತ್ತದೆ. ನೇರಳೆ ಕಡಿಮೆಯಾದಷ್ಟೂ ಕೋಶಗಳು ಕಡಿಮೆ ಅಂತ ಲೆಕ್ಕ.

ಇಲ್ಲೇ ಎಡವುವುದು ಜಾಸ್ತಿ. ಸೊಪ್ಪಿನಲ್ಲಿರುವ ಕೆಲವು ಅಂಶಗಳು ಕೋಶದ ಸಹಾಯವೇ ಇಲ್ಲದೆ ಆ ಬಣ್ಣವನ್ನು ನೇರಳೆ ಮಾಡಿಬಿಡುತ್ತವೆ. ಹಾಗಾಗಿ ಕೋಶ ಇಲ್ಲದ ಗುಳಿಯಲ್ಲೂ ಎಕ್ಸ್‌ಟ್ರಾಕ್ಟ್ ಹಾಕಿ ನೋಡಲೇಬೇಕು. ಎಕ್ಸ್‌ಟ್ರಾಕ್ಟ್ ಕರಗಿಸಲು ಬಳಸುವ ಡಿಎಂಎಸ್ಒ ಎಂಬ ದ್ರವ ಕೂಡ ಜಾಸ್ತಿಯಾದರೆ ಕೋಶ ಸಾಯಿಸುತ್ತದೆ, ಅದಕ್ಕೂ ಪ್ರತ್ಯೇಕ ಗುಳಿ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಆರೋಗ್ಯವಂತ ಕೋಶಗಳೂ ಇರಬೇಕು. ಎರಡೂ ಒಂದೇ ಪ್ರಮಾಣಕ್ಕೆ ಸತ್ತರೆ ಅದು ಬರೀ ವಿಷ, ಅಲ್ವಾ? ಯಾವುದೇ ವರದಿ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಈ ಹೋಲಿಕೆಯನ್ನೇ.

ಎಲ್ಲವೂ ಸರಿಯಾಗಿದೆ ಅಂದುಕೊಳ್ಳಿ. ಒಂದು ಮಿಲಿಲೀಟರಿಗೆ 100 ಮೈಕ್ರೋಗ್ರಾಂ ಹಾಕಿದಾಗ ಅರ್ಧ ಕೋಶ ಸತ್ತವು. ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ರಕ್ತದಲ್ಲಿ ಅಷ್ಟೇ ಸಾಂದ್ರತೆ ಬರಬೇಕಾದರೆ 500 ಮಿಲಿಗ್ರಾಂ ಎಕ್ಸ್‌ಟ್ರಾಕ್ಟ್ ಒಂದು ಚೂರೂ ನಷ್ಟವಾಗದೆ ನೇರವಾಗಿ ರಕ್ತಕ್ಕೇ ಸೇರಬೇಕು. ಕುಡಿದ ಕಷಾಯ ಹಾಗೆ ಸೇರುವುದಿಲ್ಲ. ಹೊಟ್ಟೆಯಲ್ಲಿ ಸ್ವಲ್ಪ ಒಡೆಯುತ್ತದೆ, ಕರುಳು ಹೀರುವುದು ಸ್ವಲ್ಪವೇ, ಲಿವರ್ ಇನ್ನಷ್ಟನ್ನು ಬದಲಿಸುತ್ತದೆ. ಅರಿಶಿನದ ಕರ್ಕ್ಯುಮಿನ್ ಪ್ಲೇಟಿನಲ್ಲಿ ಚೆನ್ನಾಗಿ ಕೆಲಸ ಮಾಡಿಯೂ ದೇಹದಲ್ಲಿ ಸೋಲುವುದು ಇದರಿಂದಲೇ.

ಗಿಡದಿಂದ ಔಷಧ ಬರಲ್ಲ ಅಂತಲ್ಲ. ಯೂ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿದರು, ಅದರಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ಗರ್ಭಕಂಠದ ಕ್ಯಾನ್ಸರಿಗೂ ಇವತ್ತು ಅದನ್ನು ಕೊಡುತ್ತಾರೆ. ಮಧ್ಯದ ಆ 30 ವರ್ಷಗಳಲ್ಲಿ ಒಂದೇ ಒಂದು ಅಣುವನ್ನು ಬೇರ್ಪಡಿಸಿ, ಇಲಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ನೋಡಿ, ಎಷ್ಟು ಕೊಡಬೇಕು ಅಂತ ಗೊತ್ತು ಮಾಡಿದರು. ನಮ್ಮ ಪ್ಲೇಟ್ ಆ ದಾರಿಯ ಮೊದಲ ಹೆಜ್ಜೆ ಮಾತ್ರ.

ಅದಕ್ಕೇ ಕೇಳಿಕೊಳ್ಳುತ್ತೇನೆ. 30 ದಾಟಿದ ಹೆಣ್ಣುಮಕ್ಕಳು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಕಂಠದ ತಪಾಸಣೆ ಎಲ್ಲಿ ಮಾಡುತ್ತಾರೆ ಅಂತ ಕೇಳಿ, ಮಾಡಿಸಿಕೊಳ್ಳಿ. ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ ಸರಳ ವಿಧಾನವೂ ಇದೆ, ಕೆಲವೇ ನಿಮಿಷದ ಕೆಲಸ. ಚಿಕಿತ್ಸೆ ನಡೆಯುತ್ತಿದ್ದರೆ ದಯವಿಟ್ಟು ಮಧ್ಯದಲ್ಲಿ ಬಿಡಬೇಡಿ. ಕಷಾಯ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಿ. ಈ ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಕಿಡ್ನಿಗೆ ಮೊದಲೇ ಭಾರ, ಅಮೃತಬಳ್ಳಿಯಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳೂ ವರದಿಯಾಗಿವೆ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಏನು ಕುಡಿಯುತ್ತಿದ್ದೀರಿ ಅಂತ ಗೊತ್ತಾದರೆ ರಕ್ತಪರೀಕ್ಷೆಯನ್ನು ಅದಕ್ಕೆ ತಕ್ಕಂತೆ ಮಾಡಿಸುತ್ತಾರೆ.